ದೂರದ ಗೂಬೆಗೆ ಪಕ್ಕದ ಬೆಳಕು

ನನ್ನ ಮೊಮ್ಮಗಳು ಸರೋಜ ತೆಗೆದ ಗೂಬೆಯ ಪಟ ವಾರಪತ್ರಿಕೆಯಲ್ಲಿ ಅಚ್ಚಾಗಿದೆ, ಸ್ವಾಮಿ! ಅರ್ಧ ಪುಟ! ಮೂರನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ನಾನು ಪಟದ ಕೆಳಗಿನ ಅವಳ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಬೆಳಗಿನಿಂದ ಹನ್ನೆರಡು ಸಲ ಓದಿದ್ದೇನೆ. ಪ್ರತಿ ಸಲವೂ ಅದೇ ಹೆಸರು ಬರುತ್ತಿದೆ.

ಸರೋಜಳ ಅಪ್ಪ, ಅಂದರೆ ನನ್ನ ಅಳಿಯ, ಬಂಗಾರಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಚಿನ್ನದ ಗಣಿಯ ಬಿಳಿ ದೊರೆಯೊಬ್ಬರು ಇಂಗ್ಲೆಂಡಿಗೆ ಹಿಂತಿರುಗುವಾಗ ಬಿಟ್ಟುಹೋದ, ದೂರದ್ದನ್ನು ಹತ್ತಿರ ತೋರಿಸುವ ಮೊಳದುದ್ದದ ಲೆನ್ಸೊಂದು ಅವನ ಬೀರುವಿನಲ್ಲಿ ತಪಸ್ಸು ಮಾಡುತ್ತಿತ್ತು. ಮದುವೆಯ ಗಂಡುಹೆಣ್ಣು ಕೈಗೆಟುಕುವಂತೆ ನಿಂತಿರುವಾಗ ಅದರ ಪ್ರಯೋಜನವಾದರೂ ಏನು? ಸರೋಜ ಅದನ್ನು ಊರಿಗಾಮಿನ ನಮ್ಮ ಲೈನಿಗೆ, ಅಂದರೆ ಗಣಿಯಾಳುಗಳ ಸಾಲುಮನೆಗೆ, ಹೊತ್ತು ತಂದು, ಹಿತ್ತಿಲಾಚೆಯ ಬೇವಿನ ಮರದ ಗೂಬೆಗೆ ಗುರಿಯಿಟ್ಟಳು. ಗೂಬೆ ಹೊರಬರುವುದೇ ಮುಸ್ಸಂಜೆಗೆ. ಕ್ಯಾಮೆರಾದ ನೆತ್ತಿಯ ಮೇಲೆ, ಪಟಕ್ಕೊಂದು ಬಲ್ಬ್ ಸುಡುವ ಫ್ಲಾಶ್ ಕೂರಿಸಿ ತೆಗೆದರೆ ಬೆಳಕು ಅಷ್ಟು ದೂರ ಮುಟ್ಟದೆ, ಪಟದಲ್ಲಿ ಕಗ್ಗತ್ತಲೂ ನಡುವೆ ಎರಡು ಬಿಳಿ ಚುಕ್ಕೆಗಳೂ ಬಂದವು. ಆ ಚುಕ್ಕೆಗಳೇ ಗೂಬೆಯ ಕಣ್ಣು ಎಂದು ನಾವು ನಂಬಬೇಕಿತ್ತು.

"ಒಂದೇ ಬಲ್ಬ್ ಉಳಿದೈತೆ. ಈ ಪಟಾನೂ ಕೆಟ್ರೆ ಲೆನ್ಸು ಮಾರ್ಬಿಡ್ತೀನಿ," ಎಂದ ಅಳಿಯ. ಹುಡುಗಿಯ ಮುಖ ಬಾಡಿಹೋಯಿತು.

ಆಗ ನನ್ನ ಗಣಿವಿದ್ಯೆ ಜಾಗೃತವಾಯಿತು. ನೆಲದೊಳಗೆ ಬಂಡೆಯ ಬಿರುಕು ಹುಡುಕುವವನು ದೀಪವನ್ನು ಕಣ್ಣಿನ ನೇರಕ್ಕೆ ಹಿಡಿಯುವುದಿಲ್ಲ. ಬಂಡೆಯ ಹತ್ತಿರಕ್ಕೊಯ್ದು ಪಕ್ಕದಿಂದ ಓರೆಯಾಗಿ ಹಿಡಿಯುತ್ತಾನೆ, ಕೂದಲೆಳೆಯ ಬಿರುಕೂ ಎದ್ದು ಕಾಣುತ್ತದೆ. "ಕಣ್ಣು ದೂರ ಇರ್ಲಿ, ದೀಪ ಯಾಕಮ್ಮ ದೂರ ಇರ್ಬೇಕು?" ಎಂದೆ. ಉದ್ದನೆಯ ವೈರು ಜೋಡಿಸಿ, ಫ್ಲಾಶನ್ನು ಬಿದಿರಿನ ಗಳಕ್ಕೆ ಕಟ್ಟಿ, ಮರದ ಪಕ್ಕ ಅದನ್ನೆತ್ತಿಕೊಂಡು ನಾನೇ ಕಂಬವಾದೆ.

ಮುಸ್ಸಂಜೆಗೆ ಗೂಬೆ ಹೊರಬಂದು ಕೂತಾಗ, ತೆಗೆಯುತ್ತೇನೆಂದು ದೂರದಿಂದ ಸರೋಜ ಕೈಯೆತ್ತಿದಳು. ಮೂವತ್ತು ವರ್ಷ ಗಣಿಯಲ್ಲಿ ಮದ್ದಿಗೆ ಬೆಂಕಿಯಿಡುವ ಮುನ್ನ ಕೂಗಿದ ನಾಲಿಗೆ ನನ್ನ ಅಪ್ಪಣೆಯನ್ನೇ ಕೇಳದೆ "ಫೈರ್! ದೂರ ಓಗ್ರಿ!" ಎಂದು ಅಬ್ಬರಿಸಿತು. ಇನ್ನೂ ನಿದ್ದೆಗಣ್ಣಿನಲ್ಲಿದ್ದ ಗೂಬೆ ಕಣ್ಣರಳಿಸಿ ಕತ್ತು ತಿರುಗಿಸಿತು. ಬೆಳಕು ಮಿಂಚಿತು. ಕಣ್ಣು ಮುಚ್ಚಿ ಮದ್ದು ಸಿಡಿಯುವ ಸದ್ದಿಗಾಗಿ ಕಾದೆ, ಬರಲಿಲ್ಲ. ಸಿಡಿಯದ ಮದ್ದಿನಷ್ಟು ಅಪಾಯ ಗಣಿಯಲ್ಲಿ ಬೇರೊಂದಿಲ್ಲ.

"ಇನ್ನೂ ಸಿಡಿದಿಲ್ಲ ಕಣಮ್ಮ, ಹತ್ರ ಬರ್ಬ್ಯಾಡ!"

"ತಾತ, ಅದು ಬಲ್ಬು! ಕಣ್ ಬಿಡು!"

ಗೂಬೆ ಹಾರಿಹೋಗಿತ್ತು. ಕೆಡಿಸಿದವನು ನಾನೇ ಎಂದು ಪಟ ತೊಳೆಯುವವರೆಗೂ ಅಳಿಯನಿಗೆ ಮುಖ ತಪ್ಪಿಸಿ ತಿರುಗಿದೆ. ತೊಳೆದು ನೋಡಿದರೆ ಒಂದೊಂದು ಗರಿಯನ್ನೂ ಎಣಿಸಬಹುದು; ಗೂಬೆಯ ಮುಖದಲ್ಲಿದ್ದ ಬೆರಗಂತೂ ಇವತ್ತಿನ ನನ್ನ ಮುಖದ್ದೇ! ದೂರ ನೋಡುವ ಕಣ್ಣು ಚಿಕ್ಕವರದು. ಹತ್ತಿರ ನಿಂತು ದೀಪ ಹಿಡಿಯುವುದು ನಮ್ಮಂಥ ಮುದುಕರ ಪಾಲಿನ ಭಾಗ್ಯ.

ಈ ಸಂಜೆ ಬಂಗಾರಪೇಟೆಯಲ್ಲಿ ಎಲ್ಲರೂ ಸಾಲಾಗಿ ಕೂತು ಮುದ್ದೆ, ಅವರೆಕಾಳಿನ ಸಾರು ಉಣ್ಣುತ್ತಿದ್ದೆವು.

"ಲೆನ್ಸು ಮಾರಲ್ಲ ಮಾವ, ಅದು ಸರೋಜಂಗೇ," ಎಂದ ಅಳಿಯ. "ಆದ್ರೆ ಇನ್ಮೇಲೆ ನೀವು ಬಾಯಿಗೆ ಬಟ್ಟೆ ಕಟ್ಕೋಬೇಕು."

"ಬ್ಯಾಡಪ್ಪ, ತಾತ ಕೂಗ್ಲಿ! ಕೂಗಿದ್ಕೇ ಅಲ್ವಾ ಅದು ತಿರುಗಿದ್ದು?"

ಎಲ್ಲರೂ ನಕ್ಕರು. ನಾನು ಮುದ್ದೆಯ ಕೊನೆಯ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿದೆ. ನನ್ನಾಕೆ ಕೇಳದೆಯೇ ಇನ್ನೊಂದನ್ನು ತಟ್ಟೆಗೆ ಹಾಕಿದಳು.