ಬಿಸಿಯಾದರೆ ಏರುವ ಶ್ರುತಿ

ವಾಂವ್... ವಾಂವ್... ವಾಂವ್...

ಈಗಲೂ ಕಣ್ಣು ಮುಚ್ಚಿದರೆ ಆ ನಾದ ಕೇಳುತ್ತದೆ. ರಾಮನಗರದ ನಮ್ಮ ನಡುಮನೆಯಲ್ಲಿ ಅಣ್ಣನ ಸಿಂಥಸೈಜರ್ ಒಂದೇ ಸ್ವರ ಹಿಡಿದು ನುಡಿಯುತ್ತಿದೆ. ನಾನು ಶ್ರುತಿ ನೋಡುವ ಉಕ್ಕಿನ ಕವೆ, ಟ್ಯೂನಿಂಗ್ ಫೋರ್ಕನ್ನು ಬಡಿದು ಅದರ ಹಿಡಿಯನ್ನು ಮೇಜಿಗೆ ಊರಿದ್ದೇನೆ. ಎರಡರ ಸ್ವರವೂ ಒಂದೇ ಇರಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ನಾದ ಹೀಗೆ ಉಯ್ಯಾಲೆಯಾಡುತ್ತದೆ. ಹತ್ತಿರ ಬಂದಂತೆ ನಿಧಾನವಾಗುತ್ತದೆ, ಕೂಡಿದಾಗ ನಿಂತೇಬಿಡುತ್ತದೆ. ಕಾನ್ವೆಂಟಿನಲ್ಲಿ ನನಗೆ ಪಿಯಾನೋ ಕಲಿಸಿದ ಸಿಸ್ಟರ್ ಇದಕ್ಕೆ ಬೀಟ್ಸ್ ಎನ್ನುತ್ತಿದ್ದರು. "ಡೋಂಟ್ ಗೆಸ್, ಚೈಲ್ಡ್. ಲಿಸನ್."

ನಮ್ಮ ಅಪ್ಪ ರೇಷ್ಮೆ ನೂಲು ಹುರಿ ಮಾಡುವ ಕಾರ್ಖಾನೆಯಲ್ಲಿ ದುಡಿದು, ಆ ಯಂತ್ರಗಳ ಗದ್ದಲದಲ್ಲೇ ಕಿವಿ ಕಳೆದುಕೊಂಡವರು. ಅವರ ಜಾಗಕ್ಕೆ ಹೈಸ್ಕೂಲು ಬಿಟ್ಟು ಹೋದವನು ಅಣ್ಣ. ಆ ಸಂಬಳದಲ್ಲಿ ನಾನು ಬೆಂಗಳೂರಿನ ಬೋರ್ಡಿಂಗಿನಲ್ಲಿ ಓದಿ, ಮ್ಯೂಸಿಕ್ ಟೀಚರ್ ಆದೆ. ಅವನು ಹಗಲೆಲ್ಲ ಕಾರ್ಖಾನೆ, ಸಂಜೆ ಆರ್ಕೆಸ್ಟ್ರಾ. ಮದ್ರಾಸಿನ ಯಾವುದೋ ಸ್ಟುಡಿಯೋ ಬೇಡವೆಂದು ಬಿಟ್ಟ ಹಳೆಯ ಸಿಂಥಸೈಜರ್ ಅವನ ಪ್ರಾಣ. ಮನೆಯವರಿಗೆಲ್ಲ ಅದು ಬರೀ "ಪೆಟ್ಟಿಗೆ".

ಒಂದು ಬೇಸಿಗೆ ರಜಕ್ಕೆ ನಾನು ಊರಿಗೆ ಬಂದಾಗ ಅವನು ಪೆಟ್ಟಿಗೆಗೆ ಬಟ್ಟೆ ಹೊದಿಸಿ ಮೂಲೆಗಿಟ್ಟಿದ್ದ. ವಿಷಯ ಹೇಳಿದವಳು ಅತ್ತಿಗೆ. ಅಕ್ಕೂರಿನ ಮದುವೆಯಲ್ಲಿ ನಾಲ್ಕನೆಯ ಹಾಡಿಗೆ ಶ್ರುತಿ ಎಲ್ಲಿಗೋ ಏರಿಹೋಗಿ, ಹಾಡುವ ಹೆಂಗಸು ಮೈಕಿನಲ್ಲೇ ಛೇಡಿಸಿದಳಂತೆ: "ಅಣ್ಣೋ, ನಿಮ್ ಪೆಟ್ಗೆ ಬಸ್ ಅತ್ಬುಟ್ಟು ಸಾತನೂರ್ಗೆ ಒಂಟೈತೆ. ನಾನಿನ್ನೂ ಚನ್ನಪಟ್ಣದಲ್ಲೇ ಇವ್ನಿ!" ಚಪ್ಪರವೆಲ್ಲ ನಕ್ಕಿತಂತೆ.

"ನಕ್ಕಿದ್ದು ಓಗ್ಲಿ ಕಣವ್ವ," ಎಂದ ಅಣ್ಣ. "ಏರಿದ್ದು ನಂಗೆ ಗೊತ್ತೇ ಆಗ್ಲಿಲ್ಲ. ಅಪ್ಪಂಗೂ ಇಂಗೇ ಸುರುವಾಗಿದ್ದು."

ಅವನ ಭಯ ಪೆಟ್ಟಿಗೆಯದಾಗಿರಲಿಲ್ಲ. ಕಿವಿ ಹೋಗುತ್ತಿದ್ದರೆ ಆರ್ಕೆಸ್ಟ್ರಾ ಬಿಡಬೇಕು. ಬಿಟ್ಟರೆ ಉಳಿಯುವುದು ಆ ಕಾರ್ಖಾನೆ ಮಾತ್ರ.

ನಾನು ಫೋರ್ಕ್ ತೆಗೆದೆ. ಅವನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ನಾದದ ಅಲೆ ನಿಂತ ಕೂಡಲೇ ಕೈ ಎತ್ತು ಎಂದೆ. ಪೆಟ್ಟಿಗೆಯ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ವಾಂವ್... ವಾಂ...ವ್... ವಾಂ... ಅದು ನಿಂತದ್ದೂ ಅವನ ಕೈ ಮೇಲೆದ್ದದ್ದೂ ಒಟ್ಟಿಗೇ. ಇನ್ನೊಮ್ಮೆ ಮಾಡಿದೆ, ಮತ್ತೊಮ್ಮೆ ಮಾಡಿದೆ. ಪರ್ಫೆಕ್ಟ್.

"ಕಿವಿ ನೆಟ್ಟಗೇ ಐತೆ," ಎಂದಳು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ. "ಎಣ್ಣೆ ತೀರೋಗೈತೆ ಅಂದಾಗ ಮಾತ್ರ ಕೇಳ್ಸಾಕಿಲ್ಲ."

ಅವನು ನಗಲಿಲ್ಲ. "ಅಂಗಾದ್ರೆ ಅವತ್ತು ಯಾಕೆ ಗೊತ್ತಾಗ್ಲಿಲ್ಲ?"

"ಅಷ್ಟಷ್ಟೇ ಏರಿದರೆ ಕಿವಿಯೂ ಅದರ ಜೊತೆಗೇ ಹೋಗುತ್ತದೆ ಅಣ್ಣ. ನನಗೂ ಗೊತ್ತಾಗುತ್ತಿರಲಿಲ್ಲ," ಎಂದೆ. ಅವನು ನಂಬಿದನೋ ಇಲ್ಲವೋ. ಅದಕ್ಕೇ ಪೆಟ್ಟಿಗೆಯ ಸ್ವರವನ್ನು ಫೋರ್ಕಿಗೆ ಸರಿಯಾಗಿ ಕೂಡಿಸಿ, ಆರಿಸದೆ ಹಾಗೇ ಬಿಟ್ಟು ಕಾಫಿ ಕುಡಿದೆವು. ಮತ್ತೆ ಫೋರ್ಕ್ ಊರಿದಾಗ ಉಯ್ಯಾಲೆ ಶುರುವಾಗಿತ್ತು. ಯಾರೂ ಗುಂಡಿ ಮುಟ್ಟಿರಲಿಲ್ಲ.

ಅಣ್ಣ ಥಟ್ಟನೆ ಎದ್ದು ಸ್ಕ್ರೂಡ್ರೈವರ್ ತಂದ.

ಮೊದಲು ಕರೆಂಟಿನ ಮೇಲೆ ಅನುಮಾನ. ತೋಟಗಳ ಪಂಪುಸೆಟ್ಟು ಶುರುವಾದರೆ ನಮ್ಮ ಬಲ್ಬುಗಳು ಮಂಕಾಗುತ್ತಿದ್ದ ಕಾಲ ಅದು. ಪಕ್ಕದ ಮನೆಯ ಫ್ರಿಜ್ಜಿನ ಸ್ಟೆಬಿಲೈಸರ್ ಬೇಡಿ ತಂದು ಸಿಕ್ಕಿಸಿದರೂ ಸ್ವರ ಏರುತ್ತಲೇ ಇತ್ತು. ಹಾಗಾದರೆ ಒಳಗಿನ ಶಾಖವೇ. ಆದರೆ ಅಷ್ಟೊಂದು ಬಿಡಿಭಾಗಗಳಲ್ಲಿ ಯಾವುದು? ಅಣ್ಣ ಅಡುಗೆಮನೆಯಿಂದ ಊದುಗೊಳವೆ ಎತ್ತಿಕೊಂಡು ಬಂದ. ಒಂದೊಂದೇ ಭಾಗಕ್ಕೆ ಅದನ್ನು ಹಿಡಿದು ಉಫ್ ಎಂದು ಊದುವುದು, ನಾನು ಫೋರ್ಕ್ ಊರಿ ಅಲೆ ಬದಲಾಯಿತೇ ಎಂದು ಕೇಳುವುದು.

"ಒಲೆ ಅತ್ತಿಸ್ದೆ ನನ್ ಗೊಳವೆ ಇಡ್ಕೊಂಡು ಕೂತವ್ರೆ ಇಬ್ರೂ! ಮುದ್ದೆ ಬ್ಯಾಡ್ವಾ?" ಎಂದು ಅತ್ತಿಗೆ ಗೊಣಗಿದಳು. ಗೊಣಗುತ್ತಲೇ ಬಂದು ನಮ್ಮ ಪಕ್ಕ ಕುಳಿತಳು.

ಒಂದು ಮೂಲೆಗೆ ಊದಿದಾಗ ಸ್ವರ ಧೊಪ್ಪನೆ ಇಳಿಯಿತು. ಅಲ್ಲಿ ಎರಡು ಪುಟ್ಟ ಟ್ರಾನ್ಸಿಸ್ಟರುಗಳಿದ್ದವು. ಒಂದು ಬಿಸಿಯಾದರೆ ಇನ್ನೊಂದೂ ಅಷ್ಟೇ ಬಿಸಿಯಾಗಲೆಂದು ಅವನ್ನು ಜೋಡಿಸಿ ಅಂಟಿಸಿರುತ್ತಾರೆ. ಆಗ ಶ್ರುತಿ ಅಲುಗುವುದಿಲ್ಲ. ಹಳೆಯ ಅಂಟು ಒಣಗಿ ಬಿಟ್ಟುಕೊಂಡು, ಅವುಗಳಲ್ಲೊಂದು ಪಕ್ಕಕ್ಕೆ ವಾಲಿತ್ತು. ಅಣ್ಣ ಹೊಸ ಅಂಟು ಹಚ್ಚಿ, ಅದು ಕಚ್ಚಿಕೊಳ್ಳುವವರೆಗೂ ಜರುಗದಂತೆ ರೇಷ್ಮೆ ಎಳೆಯಿಂದ ಎರಡನ್ನೂ ಬಿಗಿದು ಕಟ್ಟಿದ. ನಮ್ಮೂರಿನಲ್ಲಿ ಕೈಗೆ ಸಿಗುವ ದಾರ ಅದೇ ತಾನೇ.

ಮಾರನೆಯ ದಿನ ಮಧ್ಯಾಹ್ನವೆಲ್ಲ ಪೆಟ್ಟಿಗೆಯನ್ನು ಆರಿಸದೆ ಬಿಟ್ಟೆವು. ಏರಿಕೆ ಪೂರ್ತಿ ನಿಂತಿತೆಂದು ಹೇಳಲಾರೆ. ಅಂಥ ಯಂತ್ರಗಳು ಹವಾಮಾನಕ್ಕೆ ಒಸಿಯಾದರೂ ಅಲುಗುತ್ತವೆ. ಆದರೆ ಹಾಡುವವರಿಗೆ ತೊಂದರೆ ಕೊಡುವಷ್ಟಲ್ಲ. ಅಣ್ಣ ಮುಖ ತೊಳೆಯುತ್ತೇನೆಂದು ಹಿತ್ತಲಿಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಅತ್ತಿಗೆ ಹೋಗಿ ನೋಡಿ ಬಂದು, "ಇರ್ಲಿ ಬುಡವ್ವ, ಅತ್ಕೊಳ್ಲಿ," ಎಂದಳು.

ಆಮೇಲೆ ಎಷ್ಟೋ ವರ್ಷ ನುಡಿಸಿದ. ಅಪ್ಪನ ಹಾಗೆಯೇ ಕಿವಿ ಹೋದದ್ದೂ ನಿಜ, ಆದರೆ ತೀರಾ ವಯಸ್ಸಾದ ಮೇಲೆ. ಅದರ ಬಗ್ಗೆ ನಾವು ಮಾತಾಡಿದ್ದು ಕಡಿಮೆ.

ಕೊನೆಯ ಸಲ ಅವನನ್ನು ನೋಡಿದ್ದು ಕನಕಪುರದ ಒಂದು ಮದುವೆಯಲ್ಲಿ. ವೇದಿಕೆಯ ಮೇಲೆ ಹೊಸ ಕಾಲದ ಕೀಬೋರ್ಡ್, ಯಾರೋ ಹಾಡುತ್ತಿದ್ದರು. ಅಣ್ಣ ನನ್ನ ಕಡೆ ವಾಲಿ, ಸುತ್ತಲಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೇಳಿದ: "ಸುತಿ ಸರ್ಯಾಗೈತಾ?"

ಐ ಕುಡ್ ಹ್ಯಾವ್ ಜಸ್ಟ್ ನಾಡೆಡ್, ಸುಮ್ಮನೆ ತಲೆಯಾಡಿಸಿಬಿಡಬಹುದಿತ್ತು. ಆದರೆ ಅವನು ಕೇಳಿದ್ದು ಒಬ್ಬ ಸಂಗೀತಗಾರನಾಗಿ. ನಾನು ಕೀಬೋರ್ಡಿನ ಕಡೆ ಬೆರಳು ಮಾಡಿ ಹೆಬ್ಬೆರಳೆತ್ತಿದೆ. ಹಾಡುವವರ ಕಡೆ ತೋರಿಸಿ, ಶ್ರುತಿ ಇಳಿದಿದೆಯೆಂದು ಅಂಗೈಯನ್ನು ತುಸುವೇ ಕೆಳಗಿಳಿಸಿದೆ.

ಅವನು ತೊಡೆ ತಟ್ಟಿ ನಕ್ಕ. "ನಂಗೂ ಅಂಗೇ ಅನ್ನಿಸ್ತು ಕಣವ್ವ!" ಎಂದ. ನಗುತ್ತಲೇ ಎದ್ದು, ಪಂಕ್ತಿಯಲ್ಲಿ ನನಗೊಂದು ಜಾಗ ಹಿಡಿಯಲು ಟವಲು ಹೆಗಲಿಗೆಸೆದುಕೊಂಡು ಊಟದ ಮನೆಯ ಗುಂಪಿನೊಳಗೆ ನುಗ್ಗಿದ.