ದೊಡ್ಡ ಪಿಟೀಲಿಗೆ ತಂತಿ ಹುಡುಕಿದ್ದು

ನಮ್ಮ ಸೋದರಮಾವ ಬೆಂಗಳೂರಿನ ಬ್ಯಾಂಡು ಬಿಟ್ಟು ಅಕ್ಕನ ಮನೆಗೆ, ಅಂದರೆ ನಮ್ಮ ಮನೆಗೆ, ಬಂದು ಸೇರಿಕೊಂಡಾಗ ಜೊತೆಗೆ ತಂದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಮತ್ತು ಆಳೆತ್ತರದ ಒಂದು ಪಿಟೀಲು. ಎಪ್ಪತ್ತರ ದಶಕದ ಕೊನೆಯ ಮಾತು. ರೈಲಿನಲ್ಲಿ ತಿಪಟೂರಿನವರೆಗೆ ಬಂದ ಆ ಪಿಟೀಲು, ಅಲ್ಲಿಂದ ಬಸ್ಸಿನ ಟಾಪಿನ ಮೇಲೆ, ಕೊಬ್ಬರಿ ಮಂಡಿಯಿಂದ ವಾಪಸಾಗುತ್ತಿದ್ದ ಖಾಲಿ ಚೀಲಗಳ ನಡುವೆ ಮಲಗಿಕೊಂಡು ದಬ್ಬೇಘಟ್ಟದ ಕಡೆ ಹೊರಟಿತು. ದುಪ್ಪಟಿ ಸುತ್ತಿದ್ದ ಅದರ ಆಕಾರ ನೋಡಿ ಕಂಡಕ್ಟರಿಗೆ ಅನುಮಾನ.

"ಏನ್ರೀ ಇದು, ಹೆಣ ಗಿಣ ಅಲ್ಲ ತಾನೆ?"

"ಡಬಲ್ ಬಾಸ್ ಅಂತ. ವಾದ್ಯ ಕಣ್ರೀ," ಎಂದ ಮಾವ. ಕರೆದುಕೊಂಡು ಹೋಗಲು ಬಂದಿದ್ದ ನನಗೆ ನಗು ತಡೆಯಲಾಗಲಿಲ್ಲ. ಊರು ತಲುಪಿದ ಮೇಲೆ ಆ ಹೆಸರನ್ನು ಯಾರೂ ಬಾಯಲ್ಲಿ ಹಾಕಿಕೊಳ್ಳಲಿಲ್ಲ. ದೊಡ್ಡ ಪಿಟೀಲು ಎಂದರು, ಅದೇ ನಿಂತಿತು.

ಮಾವನನ್ನು ಸಾಕಿದ್ದು ನಮ್ಮವ್ವ. ಅವರ ತಾಯಿ ಬೇಗ ತೀರಿಕೊಂಡಿದ್ದರು. ಹುಡುಗ ಬ್ಯಾಂಡಿನವರ ಜೊತೆ ಸೇರುತ್ತೇನೆಂದಾಗ ತಾತ ಮರ್ಯಾದೆ ಹೋಯಿತೆಂದು ಕೂಗಾಡಿದರಂತೆ. ಬೆಳಗಾಗುವ ಮೊದಲು ರೊಟ್ಟಿ ಕಟ್ಟಿಕೊಟ್ಟು ಹಿತ್ತಲ ಬಾಗಿಲಿನಿಂದ ಕಳಿಸಿದವಳು ಅವ್ವ. ಆಮೇಲೆ ಮಾವ ಹಬ್ಬಹರಿದಿನಕ್ಕೆ ಬಂದು ಹೋಗುತ್ತಿದ್ದ. ಆದರೆ ಅಷ್ಟು ದೊಡ್ಡ ವಾದ್ಯವನ್ನು ಹೊತ್ತು ತರುವವರು ಯಾರು? ತನ್ನ ತಮ್ಮ ಜೀವಮಾನವೆಲ್ಲ ಏನು ಬಾರಿಸಿದ ಎಂಬುದನ್ನು ಅವ್ವ ಒಂದು ಸಲವೂ ಕಿವಿಯಾರೆ ಕೇಳಿರಲಿಲ್ಲ.

"ಅಕ್ಕಂಗೆ ಒಂದ್ಸಲ ಕೇಳಿಸ್ಬೇಕು ಕಣ್ಲಾ ಅಳಿಯ. ಇನ್ನೇನೂ ಆಸೆ ಇಲ್ಲ ನಂಗೆ," ಎಂದ ಮಾವ, ಬಂದ ಮಾರನೆಯ ದಿನವೇ. ಅದಕ್ಕೆ ಅಡ್ಡಿ ಎರಡಿದ್ದವು. ಪಿಟೀಲಿನ ಒಂದು ತಂತಿ ಹರಿದಿತ್ತು, ಉಳಿದವು ತುಕ್ಕು ಹಿಡಿದಿದ್ದವು. ಇನ್ನೊಂದು, ಅವ್ವನ ಕಿವಿ.

ಒಂದು ಕಾಲಕ್ಕೆ ಅವ್ವನ ಕಿವಿ ನಮ್ಮ ಮನೆಯ ಹೈಕೋರ್ಟು. ತೆಂಗಿನಕಾಯಿಯನ್ನು ನಾವು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಹಾಕಿ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಉರುಳಾಡಬೇಕು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಅವ್ವ 'ಆಗೈತೆ' ಎಂದರೆ ಸುಲಿಯುವ ಆಳು ಬರುತ್ತಿದ್ದ. 'ಇನ್ನೂ ಇಲ್ಲ' ಎಂದರೆ ಮಂಡಿಯಲ್ಲಿ ರೇಟು ಎಷ್ಟೇ ಏರಲಿ, ಒಂದು ಕಾಯಿಯೂ ಕೆಳಗಿಳಿಯುತ್ತಿರಲಿಲ್ಲ. ಅಂಥವಳು ಈಚೆಗೆ ಅಟ್ಟ ಹತ್ತುವುದನ್ನೇ ನಿಲ್ಲಿಸಿದ್ದಳು. ಮಂಡಿ ನೋವು ಎನ್ನುತ್ತಿದ್ದಳು. ನಾವೂ ನಂಬಿದ್ದೆವು. ಮಾವ ಬಂದ ವಾರದೊಳಗೆ ಕೇಳಿದ: "ಮಂಡಿ ನೋವಾದ್ರೆ ಕಾಯಿನ ಕೆಳಕ್ಕೆ ತಂದು ಕೊಡಬೌದಲ್ಲ? ಅಕ್ಕ ಯಾಕೆ ಅದನ್ನೂ ಬ್ಯಾಡ ಅಂತಾಳೆ?"

ಅವ್ವನ ಕಿವಿ ಮಂದವಾಗಿದೆ ಎಂಬುದು ಆಗಲೇ ನನಗೆ ಹೊಳೆದದ್ದು. ಪಿಯುಸಿಯಲ್ಲಿ ಸೈನ್ಸು ಓದಿ ತೋಟ ನೋಡಿಕೊಂಡಿದ್ದ ನನಗೆ ನನ್ನ ಬುದ್ಧಿಯ ಬಗ್ಗೆ ಬಹಳ ಅಭಿಮಾನವಿತ್ತು. ಒಂದೇ ಮನೆಯಲ್ಲಿದ್ದೂ ಗೊತ್ತಾಗದ್ದು ನಿನ್ನೆ ಮೊನ್ನೆ ಬಂದವನಿಗೆ ಗೊತ್ತಾಯಿತಲ್ಲ ಎಂದು ಸಿಟ್ಟು ಬಂತು.

ತಂತಿ ಕೊಳ್ಳಲು ಇಬ್ಬರೂ ಬೆಂಗಳೂರಿಗೆ ಹೋದೆವು. ಅಂಗಡಿಯವನು ಬೇರೆ ಬೇರೆ ಉಕ್ಕಿನ ತಂತಿಗಳನ್ನು ಮುಂದಿಟ್ಟ. ಮಾವ ಅವುಗಳನ್ನು ಬೆರಳಲ್ಲಿ ಹೊರಳಿಸಿ ಪಕ್ಕಕ್ಕಿಟ್ಟ. ತಾನು ಕಲಿತದ್ದು ಕರುಳಿನ ತಂತಿಯ ಮೇಲೆ, ಕುರಿಯ ಕರುಳನ್ನು ಹೊಸೆದು ಮಾಡಿದ್ದು, ಅದು ಸಿಕ್ಕೀತೇ ಎಂದು ಕೇಳಿದ. ಅದೆಲ್ಲ ಬರುವುದು ನಿಂತು ಎಷ್ಟೋ ಕಾಲವಾಯಿತು ಎಂದು ಅಂಗಡಿಯವನು ಕೈಯಲ್ಲಾಡಿಸಿಬಿಟ್ಟ. ನಾನು ಬಾಯಿ ಹಾಕಿದೆ. ನಮ್ಮ ಕಡೆಯವರಿಗೆ ಒಂದು ನಂಬಿಕೆ ರಕ್ತದಲ್ಲೇ ಇರುತ್ತದೆ: ಚುರುಕಾಗಿ ಸದ್ದು ಮಾಡಿದ್ದೇ ಒಳ್ಳೆಯದು. ಮೆತ್ತಗೆ ಸದ್ದು ಮಾಡುವ ಕಾಯಲ್ಲಿ ನೀರಿರುತ್ತದೆ, ಇಲ್ಲವೇ ಕೊಳೆತಿರುತ್ತದೆ. ಆ ತಂತಿಗಳನ್ನು ಎಳೆದು ಹಿಡಿದು ಮೀಟಿದಾಗ ಯಾವುದು ಅತಿ ಚುರುಕಾಗಿ, ಅತಿ ಸಣ್ಣಗೆ ನುಡಿಯಿತೋ ಅದನ್ನೇ ಹಿಡಿದುಕೊಂಡು ವಾದಕ್ಕೆ ನಿಂತೆ.

"ಕಿವಿ ಮಂದ ಆದೋರ್ಗೆ ಚುರುಕಾಗಿರೋದೇ ಬೇಕು ಮಾವ. ಇದೇ ಇರ್ಲಿ."

"ಆಯ್ತು ಬುಡು," ಎಂದ ಮಾವ.

ಊರಿಗೆ ಬಂದು ತಂತಿ ಏರಿಸಿದ ಸಂಜೆ ಅವ್ವನನ್ನು ಪಡಸಾಲೆಯಲ್ಲಿ ಎದುರಿಗೆ ಕೂರಿಸಿಕೊಂಡು ಮಾವ ಕಮಾನು ಹಿಡಿದ. ತಂತಿಯ ಮೇಲ್ಭಾಗದಲ್ಲಿ ಬೆರಳೂರಿ ಒಂದು ಸಿನಿಮಾ ಹಾಡಿನ ಧಾಟಿ ನುಡಿಸಿದ. ಆ ಗಾತ್ರದ ವಾದ್ಯದಿಂದ ಅಷ್ಟು ಸಣ್ಣ ದನಿ ಬಂದದ್ದು ನನಗೇ ಆಶ್ಚರ್ಯ. ಅವ್ವ ತಮ್ಮನ ಮುಖವನ್ನೇ ನೋಡುತ್ತ ನಗುನಗುತ್ತ ತಲೆದೂಗುತ್ತಿದ್ದಳು. ಹಾಡು ಮುಗಿಯಿತು. ಮಾವ ಕಮಾನು ಕೆಳಗಿಟ್ಟು ತಂತಿಯ ಬಿಗಿ ಸರಿಮಾಡಲು ಬಗ್ಗಿದ. ಅವ್ವ ಇನ್ನೂ ತಲೆದೂಗುತ್ತಲೇ ಇದ್ದಳು.

"ಚೆಂದಾಗೈತೆ ಕಣಪ್ಪ. ಭಾಳ ಚೆಂದಾಗಿ ಬಾರಿಸ್ತೀಯ."

ಪಡಸಾಲೆಯಲ್ಲಿ ಆಗ ಯಾವ ಸದ್ದೂ ಇರಲಿಲ್ಲ. ಮಾವ ತಲೆ ಎತ್ತಿ ಅಕ್ಕನನ್ನು ನೋಡಿದ. ದುಪ್ಪಟಿ ತೆಗೆದು ಪಿಟೀಲಿಗೆ ಸುತ್ತಿ ಮೂಲೆಗೆ ನಿಲ್ಲಿಸಿದ. ನನಗೆ ಆದ ಸಂಕಟ ಹೇಳತೀರದು. ಅವ್ವ ಕೇಳಿಸದ ಹಾಡನ್ನು ತಮ್ಮನಿಗೋಸ್ಕರ ಹೊಗಳುತ್ತಿದ್ದಳು, ಮತ್ತು ಅದು ತಮ್ಮನಿಗೆ ಗೊತ್ತಾಗಿಹೋಗಿತ್ತು.

ಮಾವ ಮತ್ತೆ ಆ ಮಾತೆತ್ತಲಿಲ್ಲ. ನನಗೆ ಮಾತ್ರ ತಲೆಗೆ ಹುಳ ಬಿಟ್ಟಂತಾಗಿತ್ತು. ಯಾಕೆಂದರೆ ಅವ್ವನ ಕಿವುಡಿಗೆ ಒಂದು ಲೆಕ್ಕಾಚಾರವೇ ಇರಲಿಲ್ಲ. ಕುಕ್ಕರ್ ಕೂಗಿ ಕೂಗಿ ಬೇಳೆ ಸೀದರೂ ಪಕ್ಕದಲ್ಲೇ ಕೂತವಳಿಗೆ ಕೇಳುತ್ತಿರಲಿಲ್ಲ. ನನ್ನ ಮಗಳು ಕಾಲ್ಗೆಜ್ಜೆ ಕಟ್ಟಿಕೊಂಡು ಬೆನ್ನ ಹಿಂದೆ ಕುಣಿದರೂ ತಿಳಿಯುತ್ತಿರಲಿಲ್ಲ. ಆದರೆ ಮಧ್ಯಾಹ್ನ ಕಣ್ಣು ಮುಚ್ಚಿ ಒರಗಿದ್ದವಳು ಇದ್ದಕ್ಕಿದ್ದಂತೆ, "ಹಿತ್ಲಾಗೆ ಕಾಯಿ ಬಿತ್ತು, ನೋಡೋಗ್ಲಾ," ಎನ್ನುತ್ತಿದ್ದಳು. ಹೋಗಿ ನೋಡಿದರೆ ಬಿದ್ದಿರುತ್ತಿತ್ತು! ಕೆರೆ ಏರಿಯ ಮೇಲೆ ಲಾರಿ ಏದುಸಿರು ಬಿಡುವುದೂ ಅವಳಿಗೇ ಮೊದಲು ಗೊತ್ತಾಗುತ್ತಿತ್ತು.

ನಾನು ಪರೀಕ್ಷೆಗೆ ಇಳಿದೆ. ಅವ್ವ ರಾಗಿ ಕೇರುತ್ತ ಕೂತಾಗ ಹಿಂದಿನಿಂದ ಹೋಗಿ ಹಿತ್ತಾಳೆ ತಟ್ಟೆಗೆ ಚಮಚದಲ್ಲಿ ಬಾರಿಸಿದೆ. ನನ್ನ ಹಲ್ಲು ಚುಳ್ಳೆಂದಿತು, ಅವಳು ತಿರುಗಲಿಲ್ಲ. ಖಾಲಿ ಡ್ರಮ್ಮನ್ನು ಮೆಲ್ಲಗೆ ಗುದ್ದಿದೆ. ತಕ್ಷಣ ತಿರುಗಿದಳು.

"ಏನ್ಲಾ ಅದು? ವಯಸ್ಸಿಗೆ ಬಂದ ಮಗಳಿಟ್ಕಂಡು ಡ್ರಮ್ ಬಡೀತೀಯಲ್ಲ, ಹುಚ್ಚಾ ನಿಂಗೆ?"

ಮಗಳಿಗೆ ಆಗ ಇನ್ನೂ ಹಾಲುಹಲ್ಲು. ಅದಿರಲಿ, ನನಗೆ ಸಂತೋಷ ತಡೆಯಲಾಗಲಿಲ್ಲ. ಸಣ್ಣ ದನಿಗಳಿಗೆ ಅವ್ವನ ಕಿವಿ ಬಾಗಿಲು ಹಾಕಿಕೊಂಡಿತ್ತು. ದಪ್ಪ ದನಿಗಳಿಗೆ ಇನ್ನೂ ಒಂದು ಕದ ತೆರೆದಿತ್ತು. ನಾನು ಬೆಂಗಳೂರಿನಲ್ಲಿ ವಾದ ಮಾಡಿ ಕೊಡಿಸಿದ್ದು ಸರಿಯಾಗಿ ಹಾಕಿಕೊಂಡ ಬಾಗಿಲಿಗೇ ಬಡಿಯುವ ತಂತಿ.

ಮಾವನಿಗೆ ಹೇಳಿದರೆ ಅವನು ನಿಟ್ಟುಸಿರು ಬಿಟ್ಟ. ಉಕ್ಕಿನದು ದಪ್ಪ ತಂತಿಯಾದರೂ ಕಂಚಿನಂತೆ ಕಣಗುಟ್ಟುತ್ತದೆ, ತನಗೆ ಬೇಕಾದ ದಪ್ಪ ದನಿಗೆ ಕರುಳಿನ ತಂತಿಯೇ ಆಗಬೇಕು, ಅದು ಎಲ್ಲಿ ಸಿಗುತ್ತದೆ ಎಂದ. ಕೆಲವು ದಿನಗಳ ಮೇಲೆ ನಮ್ಮ ಗಂಟುಗಟ್ಟಿದ ಹಾಸಿಗೆಗಳನ್ನು ಸರಿಮಾಡಲು ಹತ್ತಿ ಹಿಂಜುವ ಸಾಯ್ಬರು ಬಂದು ಅಂಗಳದಲ್ಲಿ ತಮ್ಮ ದೊಡ್ಡ ಬಿಲ್ಲು ಹೂಡಿದರು. ಮರದ ಕೊಡತಿಯಿಂದ ಅದರ ದಾರವನ್ನು ಮೀಟಿದಾಗ 'ದುಂಯ್' ಎಂದಿತು. ಒಳಗೆ ಅಡುಗೆಮನೆಯಿಂದ ಅವ್ವ ಕೂಗಿದಳು: "ಹಾಸ್ಗೆ ಸಾಯ್ಬ್ರು ಬಂದ್ರಾ? ತಲೆದಿಂಬೂ ಕೊಡ್ರೋ!"

ಮಲಗಿದ್ದ ಮಾವ ಬರಿಗಾಲಲ್ಲಿ ಅಂಗಳಕ್ಕೆ ಓಡಿಬಂದ. ಬಿಲ್ಲಿನ ದಾರಕ್ಕೆ ಬೆರಳು ಮುಟ್ಟಿಸಿದ. ಕುರಿಯ ಕರುಳು!

"ಮುಟ್ಬ್ಯಾಡಿ ಸ್ವಾಮಿ, ಬೆವರು ತಾಕಿದ್ರೆ ಹಾಳಾಯ್ತದೆ," ಎಂದು ಸಾಯ್ಬರು ರೇಗಿದರು. ಎಳನೀರು ಕೊಟ್ಟು, ಕೈಚೀಲದ ತುಂಬ ಕಾಯಿ ಕಟ್ಟಿಕೊಟ್ಟು, ಅವರು ಇಟ್ಟುಕೊಂಡಿದ್ದ ಹೆಚ್ಚಿನ ಸುರುಳಿಯೊಂದನ್ನು ಗಿಟ್ಟಿಸಿಕೊಂಡೆವು.

ಬಿಲ್ಲಿನ ದಾರ ಪಿಟೀಲಿನ ದಪ್ಪ ತಂತಿಯ ಜಾಗಕ್ಕೆ ಸಣ್ಣದಾಯಿತು. ಆದರೆ ನಾರಿನ ಹುರಿ ಹೊಸೆಯುವ ಊರಿನಲ್ಲಿ ಅದಕ್ಕೇನು ಚಿಂತೆ? ನೀರಲ್ಲಿ ನೆನೆಸಿ, ಎಳೆ ಸೇರಿಸಿ ಹೊಸೆದು, ಎರಡು ತೆಂಗಿನ ಮರಗಳ ನಡುವೆ ಬಿಗಿಯಾಗಿ ಎಳೆದು ನೆರಳಲ್ಲಿ ಒಣಗಿಸಿದೆವು. ಕಾಗೆ ಓಡಿಸುವ ಕೆಲಸ ನನ್ನದು. ಮೊದಲು ಹೊಸೆದದ್ದು ಪಿಟೀಲಿಗೆ ಬಿಗಿಯುವಾಗಲೇ ಪಟ್ಟೆಂದು ಹರಿದು ಮಾವನ ಕೆನ್ನೆಗೆ ಬಾರಿಸಿತು. ಇನ್ನೊಂದು ಅತಿ ದಪ್ಪವಾಗಿ, ಬಾವಿ ಹಗ್ಗದ ಹಾಗೆ, ದನಿಯೇ ಇಲ್ಲದೆ ಜೋತುಬಿತ್ತು. ಎಳೆ ಕಡಿಮೆ ಮಾಡಿ, ಹೊಸೆತ ಬಿಗಿ ಮಾಡಿ, ಮತ್ತೆ ಒಣಹಾಕಿದೆವು. ಇಷ್ಟರಲ್ಲಿ ಅದು ಏನೆಂಬುದು ಅವ್ವನಿಗೆ ತಿಳಿದುಹೋಯಿತು. ನಮ್ಮದು ಮಾಂಸ ಮುಟ್ಟದ ಮನೆ.

"ಕುರಿ ಕರುಳಾ? ಹೊಸ್ಲು ದಾಟಿ ಒಳಕ್ಕೆ ತರಕೂಡ್ದು!"

"ಭಜನೇಲಿ ಮೃದಂಗ ಬಾರಿಸ್ತಾರಲ್ಲವ್ವ, ಅದು ಯಾತರದ್ದು? ಚರ್ಮ ಅಲ್ವಾ?" ಎಂದು ಅವಳ ಕಿವಿಯ ಬಳಿ ಕಿರುಚಿದೆ.

"ಅದು ದೇವ್ರ ಕೆಲ್ಸ ಮಾಡ್ತೈತೆ. ಇದು ಏನ್ ಮಾಡ್ತೈತೆ?"

ಒಳಗೆ ಬೇಡವೆಂದರೆ ಹೊರಗೇ ಸೈ ಎಂದುಕೊಂಡೆ. ಪಿಟೀಲನ್ನು ಹೊರಗೆ ಜಗಲಿಗೆ ತಂದು, ಅಲ್ಲಿ ಹಾಸಿದ್ದ ಹಳೆಯ ಬಾಗಿಲ ಹಲಗೆಯ ಮೇಲೆ ನಿಲ್ಲಿಸಿ ಹೊಸ ತಂತಿ ಏರಿಸಿದೆವು. ಈ ಸಲ ಮಾವ ಅಕ್ಕನನ್ನು ಕರೆಯಲಿಲ್ಲ. ಕರೆಯುವ ಧೈರ್ಯ ಅವನಿಗೆ ಇರಲಿಲ್ಲ. ಹಲಗೆಯ ಆ ತುದಿಯಲ್ಲಿ ಅವ್ವ ನಮಗೆ ಬೆನ್ನು ಹಾಕಿ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದಳು. ಮಾವ ಕಮಾನು ಮುಟ್ಟದೆ, ದಪ್ಪ ತಂತಿಯನ್ನು ಬೆರಳಲ್ಲಿ ಎಳೆದು ಬಿಟ್ಟ. 'ಧುಮ್' ಎಂದಿತು. ಅದರಲ್ಲಿ ಚುರುಕೂ ಇಲ್ಲ, ಮಿಂಚೂ ಇಲ್ಲ. ನಾನಾಗಿದ್ದರೆ ಅಂಥ ಕಾಯಿಯನ್ನು ಕೊಳೆತದ್ದೆಂದು ತಿಪ್ಪೆಗೆ ಎಸೆಯುತ್ತಿದ್ದೆ.

ಅವ್ವನ ಕೈ ಮೊರದ ಮೇಲೆ ನಿಂತಿತು.

ಮಾವ ಇನ್ನೊಮ್ಮೆ ಮೀಟಿದ. "ಯಾರ್ಲಾ ಅದು?" ಎನ್ನುತ್ತ ಅವ್ವ ಬೀದಿಯ ಕಡೆ ನೋಡಿದಳು. ಆಮೇಲೆ ತಿರುಗಿದಳು. ಮೊರ ಪಕ್ಕಕ್ಕಿಟ್ಟು, ಹಲಗೆಯ ಮೇಲೆ ತೆವಳಿಕೊಂಡು ಪಿಟೀಲಿನ ಹತ್ತಿರಕ್ಕೇ ಬಂದು ಕೂತಳು. ಗುಣ ತಂತಿಯದೋ, ಹಲಗೆಯದೋ, ಹತ್ತಿರ ಕೂತದ್ದರದೋ, ನನಗೆ ಈಗಲೂ ತೀರ್ಮಾನವಾಗಿಲ್ಲ. ಆದರೆ ಅವಳಿಗೆ ಕೇಳುತ್ತಿತ್ತು. ಅದನ್ನು ಅವಳ ಮುಖ ನೋಡಿದ ಯಾರಾದರೂ ಹೇಳಬಹುದಿತ್ತು. ಮಾವ ನಿಧಾನವಾಗಿ, ಒಂದೊಂದೇ ದನಿ, ಏರಿಸುತ್ತ ಇಳಿಸುತ್ತ ಹೋದ. ಬಹಳ ಹೊತ್ತು ಕೇಳಿದ ಮೇಲೆ ಅವ್ವ ನನ್ನ ಕಡೆ ತಿರುಗಿ ಕೇಳಿದಳು:

"ಚೆಂದಾಗೇನೋ ಐತೆ. ಹಾಡು ಯಾವಾಗ ಬತ್ತದೆ?"

ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಇದ್ಕೆ ಅದರದ್ದೇ ಆದ ಹಾಡಿಲ್ಲ ಅಂತ ಹೇಳ್ಲಾ. ಹಾಡೋರು ಬೇರೆ ಇರ್ತಾರೆ. ಇದು ಅವರ ಕೆಳಗಿದ್ದು ಅವರನ್ನ ಹೊತ್ಕಂಡಿರ್ತದೆ, ಅಷ್ಟೇಯ."

ನಾನು ಅದನ್ನೇ ಅವಳ ಕಿವಿಗೆ ಕೂಗಿ ಹೇಳಿದೆ. ಅವ್ವ ಯೋಚಿಸಿದಳು. ಹಿಂದೆ ನಮ್ಮ ಬೀದಿಯ ಯಾವ ಮದುವೆಯ ಸೋಬಾನೆಯೂ ಅವಳ ದನಿ ಇಲ್ಲದೆ ಆದದ್ದಿಲ್ಲ. ಕಿವಿ ಮಂದವಾಗತೊಡಗಿದ ಮೇಲೆ ಒಂದು ಮದುವೆಯಲ್ಲಿ ಅವಳ ದನಿ ಎಲ್ಲಿಗೋ ಜಾರಿ, ಹುಡುಗಿಯರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದರು. ಅದು ಅವಳ ಕಣ್ಣಿಗೆ ಬಿದ್ದಿತ್ತು. ಅಂದಿನಿಂದ ಬಾಯಿ ಬಿಟ್ಟಿರಲಿಲ್ಲ. ಈಗ ಸೆರಗು ಸರಿಮಾಡಿಕೊಂಡು, "ಹಂಗಾದ್ರೆ ನಾನು ಹಾಡ್ತೀನಿ. ನೀನು ಹೊತ್ಕಾ," ಎಂದು ತಮ್ಮನಿಗೆ ಹೇಳಿ ಸೋಬಾನೆ ಪದ ಎತ್ತಿಕೊಂಡಳು.

ಎತ್ತಿಕೊಂಡ ಶ್ರುತಿ ಒಂದು, ಎರಡನೆಯ ಸಾಲಿಗೆ ಅವಳು ನಿಂತ ಶ್ರುತಿ ಇನ್ನೊಂದು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಯಾರಾದರೂ ನಕ್ಕಾರೆಂದು ನನಗೆ ಜೀವ ಹಿಡಿಯಷ್ಟಾಯಿತು. ಮಾವ ಯಾರನ್ನೂ ನೋಡಲಿಲ್ಲ. ಅಕ್ಕನ ತುಟಿಗಳನ್ನೇ ನೋಡುತ್ತ, ಅವಳ ದನಿ ಎಲ್ಲೆಲ್ಲಿಗೆ ಜಾರಿತೋ ಅಲ್ಲಲ್ಲಿಗೆ ತಂತಿಯ ಮೇಲೆ ಬೆರಳು ಜಾರಿಸಿಕೊಂಡು ಹೋದ. ಆ ಸಂಜೆ ಪದ ಮುಗಿಯುವವರೆಗೂ ಅವ್ವ ಒಮ್ಮೆಯೂ ಶ್ರುತಿ ತಪ್ಪಲಿಲ್ಲ. ತಪ್ಪಲು ಮಾವ ಬಿಡಲಿಲ್ಲ.