ಕೆಂಪಿಯನ್ನು ಕಳಿಸಿಕೊಟ್ಟ ಅತ್ತಿ

ಮಗ್ಗದ ಹಾಸಿನ ನೂಲಿಗೆ ಗಂಜಿ ಹಚ್ಚಿದ ದಿನ ನಮ್ಮ ಅತ್ತಿಯ ಎರಡೂ ಅಂಗೈ ಬಿಸಿಲು ಏರುವ ಹೊತ್ತಿಗೆ ಬೆಳ್ಳಗೆ ಒಡೆದಿರುತ್ತಿದ್ದವು. ಗಂಜಿ ಒಣಗಿ, ಗೆರೆಗೆರೆಯೊಳಗೆ ಕೂತು, ಬೆರಳು ಮಡಚಿದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಕೈ ತೊಳೆಯುವ ಮೊದಲು ಆಕೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ಎರಡೂ ಕೈ ಚಾಚಿ "ಬರ್ರಿ" ಅನ್ನುತ್ತಿದ್ದಳು. ಕರಿಯಾ, ಕೆಂಪಿ ಎರಡೂ ನಾಯಿ ಎಲ್ಲಿದ್ದರೂ ಓಡಿಬಂದು ಒಂದೊಂದು ಕೈ ನೆಕ್ಕಲು ಶುರು ಮಾಡುತ್ತಿದ್ದವು. ಕುಂಚ ಹಿಡಿಯುವುದು ಬಲಗೈಯಾದ್ದರಿಂದ ಅದರಲ್ಲಿ ಗಂಜಿ ಜಾಸ್ತಿ. ಹಾಗಾಗಿ ಈ ಸಲ ಬಲಗೈ ಕರಿಯಾನಿಗೆ ಸಿಕ್ಕರೆ ಮುಂದಿನ ಸಲ ಕೆಂಪಿಗೆ. ಮನೆಯ ಮಕ್ಕಳಾದ ನಮ್ಮನ್ನು "ಲೇ" ಅಂತ ಕರೆಯುತ್ತಿದ್ದ ಹೆಂಗಸು ನಾಯಿಗಳ ವಿಷಯದಲ್ಲಿ ಮಾತ್ರ ಇಷ್ಟು ನಾಜೂಕು.

ಅತ್ತಿ ಅಂದರೆ ನಮ್ಮ ಅಪ್ಪನ ಅಕ್ಕ. ಮದುವೆಯಾಗಿ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ಗದಗಿಗೆ ಅಂಟಿಕೊಂಡ ಬೆಟಗೇರಿಯ ತವರಿಗೆ ವಾಪಸು ಬಂದಿದ್ದಳು. ಆಮೇಲೆ ನಮ್ಮ ಅವ್ವ ತೀರಿಕೊಂಡಳು. ಆಗ ನನ್ನ ತಮ್ಮ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ. ಎರಡು ಕುಣಿಮಗ್ಗ, ಮಾತಿಲ್ಲದ ಅಪ್ಪ, ನಾವಿಬ್ಬರು ಮಕ್ಕಳು, ಎಲ್ಲಾ ಅತ್ತಿಯ ಕೊರಳಿಗೆ ಬಿತ್ತು. ಆಕೆ ಅದನ್ನು ಹೊತ್ತಳು. ಹೊತ್ತೆ ಅಂತ ಯಾರಿಗೂ ಹೇಳಿಕೊಳ್ಳಲಿಲ್ಲ, ಆದರೆ ಬೇರೆ ಎಲ್ಲದಕ್ಕೂ ಬಾಯಿ ಮಾಡುತ್ತಿದ್ದಳು. ಹಾಲಿನವನು ನೀರು ಬೆರೆಸಿದರೆ, ನಲ್ಲಿ ನೀರು ಬರದಿದ್ದರೆ, ಅಪ್ಪ ಚಹಾ ಆರಿಸಿ ಕುಡಿದರೆ, ನಮ್ಮ ಓಣಿಯ ತುದಿಗೂ ಆಕೆಯ ದನಿ ಕೇಳುತ್ತಿತ್ತು. ನನಗೆ ಬಂದಿರುವ ಈ ನಾಲಿಗೆ ಎಲ್ಲಿಂದ ಬಂತು ಅಂತ ಶಿರಹಟ್ಟಿಯ ಹೈಸ್ಕೂಲಿನಲ್ಲಿ ನನ್ನ ಜೊತೆಗಿನ ಟೀಚರುಗಳು ಕೇಳುತ್ತಿರುತ್ತಾರೆ. ಅವರು ಅತ್ತಿಯನ್ನು ನೋಡಬೇಕಿತ್ತು.

ರೊಟ್ಟಿ ಬಡಿದಾದ ಮೇಲೆ ಕೊಣಮಿಗೆಯಲ್ಲಿ ಉಳಿದ ಹಿಟ್ಟಿನಿಂದ ಆಕೆ ಎರಡು ಸಣ್ಣ ರೊಟ್ಟಿ ಬಡಿಯುತ್ತಿದ್ದಳು, ನಾಯಿಗಳಿಗೆ. ಬೆಂದ ಮೇಲೆ ಒಂದರ ಮೇಲೊಂದು ಇಟ್ಟು ನೋಡುವಳು. ಯಾವುದಾದರೂ ಒಂದು ಅಂಚು ಹೊರಗೆ ಚಾಚಿದ್ದರೆ ಅಷ್ಟನ್ನು ಮುರಿದು ತಾನೇ ಬಾಯಿಗೆ ಹಾಕಿಕೊಳ್ಳುವಳು. ನಾಯಿಗೇನು ಗೊತ್ತಾಗುತ್ತದೆ ಅಂತ ನಾವು ನಗುತ್ತಿದ್ದೆವು. ನಮ್ಮಲ್ಲಿ ಯಾರಾದರೂ, ಅಥವಾ ಕೂಲಿ ನೇಯಲು ಬರುತ್ತಿದ್ದ ಹೆಂಗಸರಲ್ಲಿ ಯಾರಾದರೂ, ಎರಡರಲ್ಲಿ ನಿನಗೆ ಯಾವುದರ ಮೇಲೆ ಪ್ರೀತಿ ಜಾಸ್ತಿ ಅಂತ ಕೇಳಿದರೆ ಮುಖ ಗಂಟಿಕ್ಕಿಕೊಳ್ಳುತ್ತಿದ್ದಳು.

"ಹಂಗ ಕೇಳಬಾರ್ದು. ಅವು ಕೇಳಿಸ್ಕೋತಾವು."

ಎಲ್ಲರಿಗಿಂತ ಹೆಚ್ಚು ಸಲ ಆ ಪ್ರಶ್ನೆ ಕೇಳಿದವಳು ನಾನು. ನಿಜ ಹೇಳಬೇಕೆಂದರೆ ನಾಯಿಗಳ ಸುದ್ದಿ ನನಗೆ ಬೇಕಾಗಿರಲಿಲ್ಲ. ನನಗೂ ತಮ್ಮನಿಗೂ ನಡುವೆ ಆಕೆಯ ಜೀವ ಯಾರ ಮೇಲೆ ಅನ್ನುವುದು ತಿಳಿಯಬೇಕಿತ್ತು. ಯಾಕೆಂದರೆ ಮನೆಯಿಂದ ಹೊರಗೆ ಕಳಿಸಿದ್ದು ನನ್ನನ್ನು.

ಲಕ್ಷ್ಮೇಶ್ವರದಲ್ಲಿ ನಮ್ಮ ಅವ್ವನ ತಾಯಿ, ನಮ್ಮ ಆಯಿ, ಒಬ್ಬಳೇ ಇದ್ದಳು. ಮಗಳು ಹೋದ ಮೇಲೆ ಮಗಳ ಮಕ್ಕಳಲ್ಲಿ ಒಂದನ್ನಾದರೂ ನನ್ನ ಹತ್ತಿರ ಬಿಡಿರಿ, ಓದಿಸುತ್ತೇನೆ ಅಂತ ಬೇಡಿಕೊಂಡಿದ್ದಳು. ಅಪ್ಪ ಎಂದಿನ ಹಾಗೆ ಅಕ್ಕನ ಮುಖ ನೋಡಿದ. ಅತ್ತಿ ಎರಡು ದಿನ ಸುಮ್ಮನಿದ್ದು, ಆಮೇಲೆ ನನ್ನ ಲಂಗ ಬ್ಲೌಸುಗಳನ್ನು ಮಡಚಿ ಚೀಲದಲ್ಲಿ ಇಡಲು ಶುರು ಮಾಡಿದಳು. ನಾನು ನಾಲ್ಕನೇ ಇಯತ್ತೆ ಮುಗಿಸಿದ್ದೆ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದೆ, ನೀರು ತರುತ್ತಿದ್ದೆ, ನನ್ನ ಜಡೆ ನಾನೇ ಹಾಕಿಕೊಳ್ಳುತ್ತಿದ್ದೆ. ತಮ್ಮ ಹಾಸಿಗೆ ಒದ್ದೆ ಮಾಡುತ್ತಿದ್ದ, ತಿಂಗಳಿಗೊಮ್ಮೆ ಜ್ವರ ಬರಿಸಿಕೊಳ್ಳುತ್ತಿದ್ದ, ಅತ್ತಿ ಕಣ್ಣಿಗೆ ಕಾಣದಿದ್ದರೆ ಉಸಿರು ಕಟ್ಟಿ ಅಳುತ್ತಿದ್ದ. ಕೆಲಸಕ್ಕೆ ಒದಗುವವರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ ಅಂತ ನಾನು ತಿಳಿದಿದ್ದೆ. ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯ ಹತ್ತಿರ ಕೂತು, ಅಳದೆ, ಅತ್ತಿಯ ಕಡೆಗೂ ನೋಡದೆ ಹೊರಟೆ. ಅಷ್ಟು ಸೊಕ್ಕು ನನಗೆ.

ಆಯಿ ನನ್ನನ್ನು ಚೆನ್ನಾಗಿಯೇ ನೋಡಿಕೊಂಡಳು, ಅದರ ಬಗ್ಗೆ ಎರಡು ಮಾತಿಲ್ಲ. ಲಕ್ಷ್ಮೇಶ್ವರವೇನು ದೂರದ ಊರೂ ಅಲ್ಲ, ಹಬ್ಬಕ್ಕೆ ಸೂಟಿಗೆ ಬೆಟಗೇರಿಗೆ ಬರುತ್ತಿದ್ದೆ. ಬಂದಾಗ ತಮ್ಮ ಅತ್ತಿಯ ಸೆರಗು ಹಿಡಿದುಕೊಂಡು ನನ್ನನ್ನು ಹೊರಗಿನವರನ್ನು ನೋಡಿದಂತೆ ನೋಡುತ್ತಿದ್ದ. ಅದು ಎದೆಯಲ್ಲಿ ಚುಚ್ಚುತ್ತಿತ್ತು.

ಅಂಥ ಒಂದು ಬೇಸಿಗೆ ಸೂಟಿಯಲ್ಲಿಯೇ ಕೆಂಪಿಯನ್ನು ಕಳಿಸಿದ್ದು.

ಆಗೆಲ್ಲ ನಮ್ಮ ಓಣಿಯಲ್ಲಿ ಹೊತ್ತು ಮೂಡುವ ಮೊದಲೇ ಹಾಸನ್ನು ಉದ್ದಕ್ಕೆ ಎಳೆದು ಕಟ್ಟುತ್ತಿದ್ದರು. ಸೀರೆಯ ಉದ್ದದ ಎಳೆಗಳನ್ನೆಲ್ಲ ಓಣಿಯ ಆ ತುದಿಯಿಂದ ಈ ತುದಿಗೆ ಬಿಗಿದು, ಗಂಜಿ ಹಚ್ಚಿ, ಎರಡೂ ಬದಿಗೆ ನಿಂತವರು ಕುಂಚದಿಂದ ಬಾಚುತ್ತಾ ಹೋಗಬೇಕು. ಬಿಸಿಲು ಏರುವ ಮೊದಲು ಮುಗಿಯಬೇಕು. ಅಷ್ಟೊತ್ತು ಓಣಿಯಲ್ಲಿ ಸೈಕಲ್ಲು ಇಲ್ಲ, ಎಮ್ಮೆ ಇಲ್ಲ, ಯಾರೂ ಅಡ್ಡ ದಾಟುವ ಹಾಗಿಲ್ಲ. ಗಂಜಿಯ ವಾಸನೆಗೆ ಓಣಿಯ ನಾಯಿಗಳು ಸುತ್ತುತ್ತಿದ್ದವು. ನಮ್ಮ ಮನೆಯ ಎರಡು ಮಾತ್ರ ಕಟ್ಟೆಯ ಮೇಲೆ ಮೂತಿ ಊರಿ, ಕೆಲಸ ಮುಗಿಯುವ ತನಕ ಕದಲುತ್ತಿರಲಿಲ್ಲ. ಅತ್ತಿ ಹಾಗೆ ಕಲಿಸಿದ್ದಳು.

ಅವತ್ತು ಕರಿಯಾನಿಗೆ ಏನು ಬುದ್ಧಿ ಬಂತೋ, ಮೆಲ್ಲಗೆ ಇಳಿದು ಹೋಗಿ ಹಾಸಿನ ತುದಿ ನೆಕ್ಕಲು ಶುರು ಮಾಡಿದ. ಕರಿಯಾ ಮೊದಲೇ ಅಂಜುಬುರುಕ. ಎಲ್ಲೋ ಯಾರದೋ ಮನೆಯಲ್ಲಿ ಸಿಕ್ಕಾಪಟ್ಟೆ ಹೊಡೆಸಿಕೊಂಡು, ಹಿಂಗಾಲು ಕುಂಟುತ್ತಾ ನಮ್ಮ ಬಾಗಿಲಿಗೆ ಬಂದು ಬಿದ್ದವನು. ಎದುರು ಮನೆಯವರು ಹಚಾ ಅಂತ ಕೂಗಿದ್ದೇ ತಡ, ಹಿಂದೆ ಓಡುವ ಬದಲು ಹಾಸಿನೊಳಗೇ ನುಗ್ಗಿದ. ಕಾಲಿಗೆ ಕೊರಳಿಗೆ ಎಳೆ ಸುತ್ತಿಕೊಂಡವು. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಎಳೆಗಳು ಪಟಪಟನೆ ಹರಿದವು. ಅದು ಮದುವೆಯ ಸೀರೆಗಳ ಹಾಸು. ಅತ್ತಿ ಮುಟ್ಟಲು ಹೋದರೆ ಅವಳ ಮುಂಗೈಗೂ ಬಾಯಿ ಹಾಕಿದ. ಅಪ್ಪ ಎಳೆ ಕತ್ತರಿಸಿ ಅವನನ್ನು ಬಿಡಿಸಿದ.

ಅತ್ತಿ ಅವತ್ತೆಲ್ಲ ಕೂತು ಹರಿದ ಎಳೆ ಕೂಡಿಸಿದಳು. ಅಪ್ಪ ಯಾರನ್ನೂ ಬೈಯಲಿಲ್ಲ. ಊಟಕ್ಕೆ ಕೂತಾಗ, ಎರಡು ನಾಯಿ ಈ ಓಣಿಯಲ್ಲಿ ಆಗುವುದಿಲ್ಲ, ಒಂದನ್ನು ಎಲ್ಲಾದರೂ ಕೊಟ್ಟುಬಿಡು ಅಕ್ಕಾ ಅಂದ. ಅಪ್ಪ ಒಂದು ಮಾತು ಆಡಿದನೆಂದರೆ ಅತ್ತಿಯೂ ಎದುರಾಡುತ್ತಿರಲಿಲ್ಲ.

ಅದೇ ವಾರ ಹಮ್ಮಿಗಿಯಿಂದ ಸಣ್ಣತ್ತಿಯ ಗಂಡ ಶೇಂಗಾ ಮಾರಲು ಟ್ರ್ಯಾಕ್ಟರಿನಲ್ಲಿ ಗದಗಿಗೆ ಬಂದಿದ್ದರು. ಸಣ್ಣತ್ತಿ ಅಂದರೆ ಅತ್ತಿಯ ತಂಗಿ. ಅವರ ಹೊಲ ಹೊಳೆಯ ದಂಡೆಗೆ, ಹಂದಿ ಬಂದು ಶೇಂಗಾ ಕೆದರುತ್ತವೆ, ಒಂದು ನಾಯಿ ಇದ್ದರೆ ಕೊಡಿರಿ ಅಂದರು. ಎಲ್ಲರೂ ಕರಿಯಾನ ಕಡೆಗೆ ನೋಡಿದೆವು. ಅತ್ತಿ ಒಳಗೆ ಹೋಗಿ ರೊಟ್ಟಿ ಕಟ್ಟಿಕೊಂಡು ಬಂದು ಕೆಂಪಿಯನ್ನು ಕರೆದಳು.

ಕೆಂಪಿ ನಮ್ಮ ಮನೆಯಲ್ಲೇ ಬೆಳೆದ ನಾಯಿ. ಕಣ್ಣು ಬಿಡದ ಮರಿಯಿದ್ದಾಗ ಅತ್ತಿ ಚರಂಡಿಯಿಂದ ಎತ್ತಿ ತಂದು ಅರಳೆಯಲ್ಲಿ ಹಾಲು ಹಿಂಡಿ ಬದುಕಿಸಿದ್ದಳು. ಒಂದು ದಿನವೂ ತಪ್ಪು ಮಾಡಿದ್ದಲ್ಲ. ಅತ್ತಿ ಟ್ರೇಲರಿನ ಕಡೆ ಕೈ ತೋರಿಸಿ "ಹತ್ತು" ಅಂದದ್ದಕ್ಕೆ ಟಣ್ಣನೆ ಹಾರಿ ಖಾಲಿ ಚೀಲಗಳ ಮೇಲೆ ಕೂತಿತು. ಟ್ರ್ಯಾಕ್ಟರು ಹೊರಟಾಗ ಬೊಗಳಲಿಲ್ಲ, ಇಳಿಯಲು ನೋಡಲಿಲ್ಲ. ಅಪ್ಪನಿಗೇ ತಡೆಯಲಾಗಲಿಲ್ಲ, ತಪ್ಪು ಮಾಡಿದ್ದು ಒಂದು, ಹೊರಗೆ ಹೋದದ್ದು ಇನ್ನೊಂದು, ಇದ್ಯಾವ ನ್ಯಾಯ ಅಕ್ಕಾ ಅಂದ. ಓಣಿಯವರು ಅತ್ತಿಗೆ ತಲೆ ಕೆಟ್ಟಿದೆ ಅಂದರು. ನಾನು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ, "ಶ್ಯಾಣ್ಯಾರನ್ನ ಮನಿ ಬಿಡಿಸೂದು ನಿನಗ ಚಟಾ ಆಗೇತಿ" ಅಂದೆ.

ಅತ್ತಿ ನನ್ನ ಮುಖ ನೋಡಿದಳು. ಕೆನ್ನೆಗೆ ಬೀಳುತ್ತದೆ ಅಂತ ನಾನು ಕಣ್ಣು ಮುಚ್ಚಿಕೊಂಡೆ. ಏನೂ ಬೀಳಲಿಲ್ಲ. ಕಣ್ಣು ತೆರೆದಾಗ ಆಕೆ ಒಳಗೆ ಹೋಗಿ ಮಗ್ಗದಲ್ಲಿ ಕೂತಿದ್ದಳು.

ಕೆಂಪಿ ಹಮ್ಮಿಗಿಯಲ್ಲಿ ಚೆನ್ನಾಗಿ ಬಾಳಿತು. ಹಂದಿ ಓಡಿಸಿತು, ಹೊಳೆಯಲ್ಲಿ ಈಜಿತು, ಮರಿ ಹಾಕಿತು. ಅತ್ತಿ ಹೋದಾಗ ಬಸ್ಸಿನ ತನಕ ಬಂದು ಕುಣಿದಾಡಿ, ಆಮೇಲೆ ತನ್ನ ಹೊಲಕ್ಕೆ ತಾನು ಹೋಗುತ್ತಿತ್ತಂತೆ. ಕರಿಯಾ ಮತ್ತೆಂದೂ ಹಾಸಿನ ಹತ್ತಿರ ಸುಳಿಯಲಿಲ್ಲ. ಮುದಿಯಾಗಿ, ಹಲ್ಲು ಬಿದ್ದು, ಅತ್ತಿ ನೆನೆಸಿ ಕೊಟ್ಟ ರೊಟ್ಟಿ ತಿಂದುಕೊಂಡು ಮಗ್ಗದ ಪಕ್ಕದಲ್ಲೇ ಸತ್ತ. ಅವನ ನಂತರ ಇನ್ನೆರಡು ನಾಯಿ ಬಂದು ಹೋದವು. ಕುಣಿಮಗ್ಗ ಹೋಯಿತು, ಓಣಿಯಲ್ಲಿ ಹಾಸು ಎಳೆಯುವವರೂ ಇಲ್ಲವಾದರು, ಅಪ್ಪನೂ ಹೋದ. ತಮ್ಮ ಗದಗಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು ಅತ್ತಿಯನ್ನು ನೋಡಿಕೊಂಡ. ನಾನು ನೌಕರಿ ಹಿಡಿದೆ, ಮದುವೆಯಾದೆ, ಮಕ್ಕಳನ್ನು ಹೆತ್ತೆ. ಬಂದುಹೋಗಿ ಮಾಡುತ್ತಿದ್ದೆ, ಸೀರೆ ಒಯ್ಯುತ್ತಿದ್ದೆ, ಔಷಧ ಒಯ್ಯುತ್ತಿದ್ದೆ. ಆದರೆ ನನ್ನನ್ನೇ ಹೊರಗೆ ಕಳಿಸಿದಳು ಅನ್ನುವುದು ಒಳಗೆ ಹಾಗೇ ಇತ್ತು, ಕರಗಿರಲಿಲ್ಲ.

ಹೋದ ವರ್ಷ ಅತ್ತಿ ಹಾಸಿಗೆ ಹಿಡಿದಳು. ಡಾಕ್ಟರು ಇನ್ನು ಬಹಳ ದಿನ ಇಲ್ಲ ಅಂದಾಗ ನಾನು ರಜೆ ಹಾಕಿ ಬಂದು ಕೂತೆ. ಒಂದು ಮಧ್ಯಾಹ್ನ ಆಕೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ತಮ್ಮನ ಮಗಳು ಪಕ್ಕದಲ್ಲಿ ಈಗಿನ ನಾಯಿಯ ಕಿವಿ ಕೆರೆಯುತ್ತಾ, ನಿನಗೆ ಎಲ್ಲಕ್ಕಿಂತ ಯಾವ ನಾಯಿ ಇಷ್ಟ ಅಜ್ಜಿ ಅಂತ ಕೇಳಿತು. ಹಂಗ ಕೇಳಬಾರ್ದು ಅಂತ ಈಗ ಬೈಯುತ್ತಾಳೆ ಅಂತ ನಾನು ಕಾದೆ. ಆಕೆ, ಆ ನಾಯಿಯನ್ನು ಹೊರಗೆ ಕರೆದುಕೊಂಡು ಹೋಗು ಅಂತ ಹುಡುಗಿಗೆ ಹೇಳಿದಳು. ಇಬ್ಬರೂ ಹೊರಗೆ ಹೋದ ಮೇಲೆ ನನಗೆ ಹೇಳಿದಳು.

"ಕೆಂಪಿ. ಆಕಿ ಮ್ಯಾಲ ನನಗ ಭಾಳ ಜೀವ. ಅದಕ್ಕ ಆಕಿನ್ನ ಕಳಿಸಿದೆ. ಕರಿಯಾ ಹೊಡತಾ ತಿಂದು ಬಂದಂವ, ಅವನ್ನ ಗಾಡಿ ಹತ್ತಿಸಿದ್ರ ಇವ್ರೂ ನನ್ನ ಹೊರಗ ಹಾಕಿದ್ರು ಅಂತ ತಿಳ್ಕೊಂಡು ಕೂಳು ಬಿಟ್ಟು ಸಾಯತಿದ್ದ. ಕೆಂಪಿಗೆ ಹಂಗ ಅನಸೂದಿಲ್ಲ. ಎಲ್ಲಿದ್ರೂ ತಾ ನನ್ನಾಕಿ ಅಂತ ಆಕಿಗೆ ಗೊತ್ತಿತ್ತು."

ಕೇಳಬಾರದು ಅಂದುಕೊಂಡರೂ ಕೇಳಿದೆ. ನನ್ನನ್ನು ಲಕ್ಷ್ಮೇಶ್ವರಕ್ಕೆ ಕಳಿಸಿದ್ದೂ ಹಾಗೆಯೇ ಏನು ಅಂತ. ಆಕೆ ಇದೇನು ಕೇಳುವ ಮಾತೇ ಅನ್ನುವ ಹಾಗೆ ತಿರುಗಿ ನೋಡಿದಳು. ಮತ್ತೇನು, ನಿನ್ನ ತಮ್ಮನನ್ನು ಕಳಿಸಲು ಬರುತ್ತಿತ್ತೇ, ಕಳಿಸಿದ್ದರೆ ಅವನು ಉಳಿಯುತ್ತಿದ್ದನೇ, ನಿನಗೆ ಗೊತ್ತಿತ್ತಲ್ಲ ಅಂದಳು.

ಖುಷಿಯಾಗಬೇಕಿತ್ತು. ಇಷ್ಟು ವರ್ಷ ಕಾದ ಮಾತು ಅದು. ನನಗೆ ಬಂದದ್ದು ಸಿಟ್ಟು. ಕಾಲಿನಿಂದ ತಲೆಯ ತನಕ ಸಿಟ್ಟು.

"ನನಗ ಗೊತ್ತಿರ್ಲಿಲ್ಲ ಅತ್ತಿ" ಅಂದೆ. "ನನಗ ಯಾರೂ ಹೇಳಲಿಲ್ಲ."

ಅತ್ತಿಯ ಕಣ್ಣಿನ ಮೂಲೆಯಿಂದ ನೀರು ಇಳಿದು ಎಣ್ಣೆ ಹಚ್ಚಿದ ಕೂದಲಿಗೆ ಸೇರಿತು. ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಾಯಿಗೆ ತಿಳದದ್ದು ನಿನಗ ತಿಳೀಲಿಲ್ಲೇನ ಯವ್ವಾ" ಅಂದಳು.

ಅವತ್ತಿನಿಂದ ಆಕೆ ತನ್ನ ಜೀವಮಾನದ ನೇಮ ಮುರಿದಳು. ನೋಡಲು ಯಾರೇ ಬರಲಿ, ಓಣಿಯ ಹೆಂಗಸರು, ಇಂಜೆಕ್ಷನ್ ಕೊಡುವ ಹುಡುಗಿ, ಕಾಯಿಪಲ್ಲೆ ಮಾರುವಾಕೆ, ನನ್ನ ಮುಂಗೈ ಹಿಡಿದು ಎಳೆದು ಕೂರಿಸಿಕೊಂಡು, ಇಕಿ ನನ್ನಾಕಿ, ಇಕಿ ಮ್ಯಾಲ ನನಗ ಎಲ್ಲಾರಕಿಂತ ಜೀವ ಜಾಸ್ತಿ ಅನ್ನುತ್ತಿದ್ದಳು. ತಮ್ಮ ಅಲ್ಲೇ ನಿಂತಿರುತ್ತಿದ್ದ. ದಿನಾ ಹೇಲು ಉಚ್ಚೆ ತೆಗೆಯುತ್ತಿದ್ದ ಅವನ ಹೆಂಡತಿಯೂ ಅಲ್ಲೇ. ನನಗೆ ನಾಚಿಕೆಯಿಂದ ನೆಲ ಬಗೆದು ಹೋಗಬೇಕು ಅನ್ನಿಸುತ್ತಿತ್ತು. ಸಾಕು ಬಿಡು ಅತ್ತಿ ಅಂದರೆ, ಹೇಳದೆ ಇದ್ದದ್ದು ಸಾಕು ಅನ್ನುತ್ತಿದ್ದಳು. ನಾಚಿಕೆಯಾದರೂ ಸುಳ್ಳು ಯಾಕೆ ಹೇಳಲಿ, ಪ್ರತಿ ಸಲವೂ ಕಿವಿ ತುಂಬಾ ಕೇಳಿಸಿಕೊಂಡೆ.

ಶ್ರಾವಣ ಹತ್ತಿರವಿರುವಾಗ ಅತ್ತಿ ಹೋದಳು. ಬೆಳಗ್ಗೆ ಚಹಾ ಕುಡಿದು, ಆರಿದೆ ಅಂತ ಸೊಸೆಗೆ ಗೊಣಗಿ, ಮಗ್ಗುಲಾಗಿ ಮಲಗಿದವಳು ಏಳಲಿಲ್ಲ. ಮಣ್ಣು ಮಾಡಿದ್ದಾಯಿತು, ಬಂದ ಮಂದಿ ಹೋದರು. ನಾನೂ ತಮ್ಮನೂ ಕಟ್ಟೆಯ ಮೇಲೆ ಕೂತೆವು. ಆಕೆಯ ಆ ಮಾತುಗಳನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಕಡೆಗಾಲದಲ್ಲಿ ಏನೋ ಅಂದಳು ಅಂತ ನಾನು ಅವನಿಗೆ ಸಮಾಧಾನ ಹೇಳಲು ಹೋದೆ. ಅವನು ನಕ್ಕ. ಅದು ಅವನಿಗೆ ಸಣ್ಣವನಿದ್ದಾಗಿನಿಂದ ಗೊತ್ತಿತ್ತಂತೆ. ನಾನು ಸೂಟಿಗೆ ಬರುವ ದಿನ ಅತ್ತಿ ಬೆಳಗಿನಿಂದ ಮಗ್ಗಕ್ಕೆ ಕೂರುತ್ತಿರಲಿಲ್ಲವಂತೆ. ವಾಪಸು ಹೋದ ದಿನ ಯಾರನ್ನೂ ಮಾತಾಡಿಸದೆ ಒಲೆಯ ಮುಂದೆ ಕೂತಿರುತ್ತಿದ್ದಳಂತೆ, ಇವನು ಕರೆದರೂ ಓ ಅನ್ನುತ್ತಿರಲಿಲ್ಲವಂತೆ.

"ನಿನಗ ಬ್ಯಾಸರಾಗ್ತಿರ್ಲಿಲ್ಲೇನು?" ಅಂತ ಕೇಳಿದೆ.

"ಆಗ್ತಿತ್ತಕ್ಕಾ. ಖರೆ, ನಾ ಆಕಿ ಬಾಜೂಕ ಇದ್ನಲ್ಲ."

ಅತ್ತಿಯನ್ನು ಮಣ್ಣು ಮಾಡುವಾಗ ಗಟ್ಟಿಯಾಗಿ ನಿಂತಿದ್ದವಳು ನಾನು. ತಮ್ಮನ ಆ ಮಾತು ಕೇಳಿದ ಮೇಲೆ ನನ್ನಿಂದ ಅಳು ತಡೆಯಲಾಗಲಿಲ್ಲ.